ಹಾದಿಯಿಲ್ಲದ ಶಿಖರದಲ್ಲಿ ಒಂದು ಫಲಕ ದಿಕ್ಸೂಚಿ: ಆರು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ವರ್ಷಕ್ಕೆ ಬೆರಳೆಣಿಕೆಯಷ್ಟು ಜನ ಮಾತ್ರ ಹತ್ತುವ, ರಸ್ತೆಯಿಂದ ಒಂದು ದಿನಕ್ಕೂ ಹೆಚ್ಚು ನಡೆಯಬೇಕಾದ ಶಿಖರಗಳನ್ನು ಹುಡುಕಿಕೊಂಡು ಹೋಗುವುದು ನನ್ನ ಬಹುಕಾಲದ ಅಭ್ಯಾಸ. ಅಂಥ ನಡಿಗೆಗಳಲ್ಲಿ ಆರು ವರ್ಷಗಳಿಂದ ನನ್ನ ಜೊತೆಗಿರುವ ಒಂದು ಫಲಕ ದಿಕ್ಸೂಚಿಯ ಬಗ್ಗೆ ಈ ಬರಹ. ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಫಲಕ, ಅದರ ಮೇಲೆ ತಿರುಗುವ ಬಳೆ, ಬಳೆಯೊಳಗೆ ದ್ರವ ತುಂಬಿದ ಡಬ್ಬಿ, ಡಬ್ಬಿಯಲ್ಲಿ ಕೆಂಪು ಮತ್ತು ಬಿಳಿ ಬಣ್ಣದ ಸೂಜಿ. ನೋಡುವುದಕ್ಕೆ ಇಷ್ಟೇ. ಹೆಚ್ಚು ಕಡಿಮೆ ಇದೇ ವಿನ್ಯಾಸವನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಆದ್ದರಿಂದ ತಯಾರಕರ ಹೆಸರಿಗಿಂತ ಈ ಬಗೆಯ ಸಾಧನ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೇ ಕೊಳ್ಳುವವರಿಗೆ ಮುಖ್ಯ ಎಂದು ಭಾವಿಸಿ ಬರೆಯುತ್ತಿದ್ದೇನೆ.

ಜನ ಓಡಾಡುವ ಬೆಟ್ಟದಲ್ಲಿ ದಿಕ್ಸೂಚಿಯ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಸವೆದ ಕಾಲುದಾರಿ, ಯಾರೋ ಪೇರಿಸಿಟ್ಟ ಕಲ್ಲುಗುಪ್ಪೆ, ಮುಂದೆ ಹೋಗುತ್ತಿರುವವರ ಮಾತಿನ ಸದ್ದು ಇವೇ ದಾರಿ ತೋರಿಸುತ್ತವೆ. ಜನ ಹೋಗದ ಶಿಖರದಲ್ಲಿ ಇವು ಯಾವುವೂ ಇರುವುದಿಲ್ಲ. ಆದರೂ ಹತ್ತುವಾಗ ದಾರಿ ತಪ್ಪುವುದು ಕಡಿಮೆ, ಏಕೆಂದರೆ ಏರುತ್ತಾ ಹೋದಂತೆ ಏಣುಗಳೆಲ್ಲ ಒಂದಕ್ಕೊಂದು ಸೇರಿಕೊಂಡು ತುದಿಯೊಂದರಲ್ಲಿ ಕೊನೆಯಾಗುತ್ತವೆ. ಇಳಿಯುವಾಗ ಇದೆಲ್ಲ ತಿರುಗುಮುರುಗಾಗುತ್ತದೆ. ತುದಿಯಲ್ಲಿ ನಿಂತವನಿಗೆ ಯಾವ ಕಡೆಗೆ ಹೆಜ್ಜೆಯಿಟ್ಟರೂ ಇಳಿಜಾರೇ. ಅವುಗಳಲ್ಲಿ ಒಂದು ಮಾತ್ರ ಬಿಡಾರಕ್ಕೆ ಹೋಗುತ್ತದೆ, ಉಳಿದವು ಬೇರೆ ಕಣಿವೆಗೋ ಬಂಡೆಯಂಚಿಗೋ ಕೊಂಡೊಯ್ಯುತ್ತವೆ. ಮಂಜು ಕವಿದಾಗ ಶಿಖರದಿಂದ ಇಡುವ ಮೊದಲ ಇನ್ನೂರು ಹೆಜ್ಜೆಗಳು ಸರಿಯಾದ ದಿಕ್ಕಿನಲ್ಲಿರಬೇಕು. ಈ ಸಾಧನವನ್ನು ನಾನು ಅಳೆಯುವುದು ಆ ಇನ್ನೂರು ಹೆಜ್ಜೆಗಳಿಂದ.

ಆ ಕೆಲಸವನ್ನು ಇದು ಹೇಗೆ ಮಾಡುತ್ತದೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಫಲಕದ ಉದ್ದನೆಯ ಅಂಚನ್ನು ನಕ್ಷೆಯಲ್ಲಿ ನಾವಿರುವ ಜಾಗಕ್ಕೂ ತಲುಪಬೇಕಾದ ಜಾಗಕ್ಕೂ ತಾಗುವಂತೆ ಇಡುತ್ತೇವೆ. ಫಲಕವನ್ನು ಅಲುಗಿಸದೆ ಬಳೆಯನ್ನು ತಿರುಗಿಸಿ, ಡಬ್ಬಿಯ ತಳದಲ್ಲಿರುವ ಸಮಾನಾಂತರ ಗೆರೆಗಳನ್ನು ನಕ್ಷೆಯ ಉತ್ತರ-ದಕ್ಷಿಣ ಗೆರೆಗಳಿಗೆ ಹೊಂದಿಸುತ್ತೇವೆ. ಈಗ ಬಳೆಯ ಮೇಲೆ ಕಾಣುವ ಸಂಖ್ಯೆಯೇ ನಾವು ನಡೆಯಬೇಕಾದ ಕೋನ. ನಂತರ ನಕ್ಷೆಯನ್ನು ಮಡಿಚಿಟ್ಟು, ದಿಕ್ಸೂಚಿಯನ್ನು ಎದೆಯ ಮುಂದೆ ಸಮತಲವಾಗಿ ಹಿಡಿದು, ಕೆಂಪು ಸೂಜಿ ಬಳೆಯೊಳಗಿನ ಬಾಣದ ಗುರುತಿನ ನಡುವೆ ಬಂದು ಕೂರುವವರೆಗೆ ಮೈಯನ್ನೇ ತಿರುಗಿಸುತ್ತೇವೆ. ಫಲಕದ ತುದಿಯ ಬಾಣ ತೋರಿಸುವ ಕಡೆಗೆ ಇಪ್ಪತ್ತೋ ಮೂವತ್ತೋ ಮೀಟರು ದೂರದಲ್ಲಿ ಕಾಣುವ ಒಂದು ಕಲ್ಲನ್ನೋ ಹುಲ್ಲಿನ ಗುಪ್ಪೆಯನ್ನೋ ಗುರುತಿಟ್ಟುಕೊಂಡು ಅಲ್ಲಿಗೆ ನಡೆದು, ಮತ್ತೆ ಇದೇ ಕ್ರಮ. ಸೂಜಿಯನ್ನೇ ನೋಡುತ್ತಾ ನಡೆದರೆ ಕಾಲು ಎಡವುತ್ತದೆ, ದಿಕ್ಕೂ ಜಾರುತ್ತದೆ. ಈ ವಿಧಾನ ಎಷ್ಟು ಸರಳವೆಂದರೆ, ದಣಿದ, ಚಳಿಗೆ ಬೆರಳು ಮರಗಟ್ಟಿದ ಮನುಷ್ಯನೂ ತಪ್ಪಿಲ್ಲದೆ ಮಾಡಬಲ್ಲ. ಕೋನಮಾಪಕ ಮತ್ತು ದಿಕ್ಸೂಚಿ ಎರಡನ್ನೂ ಒಂದೇ ಫಲಕದಲ್ಲಿ ಸೇರಿಸಿದ ಈ ವಿನ್ಯಾಸ 1930ರ ದಶಕದ ಸ್ವೀಡನ್ನಿನದು. ನಕ್ಷೆ ಮತ್ತು ದಿಕ್ಸೂಚಿ ಹಿಡಿದು ದಾರಿ ಹುಡುಕುತ್ತಾ ಓಡುವ ಓರಿಯೆಂಟೀರಿಂಗ್ ಎಂಬ ಆಟದ ಆಟಗಾರರಾಗಿದ್ದ ಶೆಲ್‌ಸ್ಟ್ರೋಮ್ ಸಹೋದರರು ಮತ್ತು ಗುನ್ನಾರ್ ಟಿಲಾಂಡರ್ ಅದನ್ನು ರೂಪಿಸಿದರು. ಅದೇ ದಶಕದಲ್ಲಿ ಫಿನ್ಲೆಂಡಿನ ಟುವೋಮಾಸ್ ವೋಹ್ಲೋನೆನ್ ಎಂಬ ಓರಿಯೆಂಟೀರಿಂಗ್ ಆಟಗಾರ ದ್ರವ ತುಂಬಿದ ದಿಕ್ಸೂಚಿಯನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವ ವಿಧಾನವನ್ನು ಕಂಡುಕೊಂಡು 1936ರಲ್ಲಿ ಕಂಪನಿಯನ್ನೇ ಕಟ್ಟಿದ. ಗಾಳಿ ತುಂಬಿದ ಹಳೆಯ ದಿಕ್ಸೂಚಿಯಲ್ಲಿ ಸೂಜಿ ನಿಲ್ಲುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ನನ್ನದರಲ್ಲಿ ಮೂರು ನಾಲ್ಕು ಸೆಕೆಂಡಿನಲ್ಲಿ ಸೂಜಿ ಸ್ತಿಮಿತಕ್ಕೆ ಬರುತ್ತದೆ. ಬಿರುಗಾಳಿಯಲ್ಲಿ ನಿಂತು ನೋಡುವವನಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಬಳೆಯ ಮೇಲೆ ಎರಡೆರಡು ಡಿಗ್ರಿಗೆ ಒಂದು ಗೆರೆಯಿದೆ. ಇಷ್ಟು ಸೂಕ್ಷ್ಮತೆ ಸಾಕೇ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹೀಗಿದೆ: ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರು ನಡೆದಾಗ ಸುಮಾರು 17 ಮೀಟರು ಪಕ್ಕಕ್ಕೆ ಸರಿದಿರುತ್ತೇವೆ, ಐದು ಡಿಗ್ರಿಗೆ ಸುಮಾರು 87 ಮೀಟರು. ಕೈಯಲ್ಲಿ ಹಿಡಿದು ನಡೆಯುವಾಗ ಮೂರು ನಾಲ್ಕು ಡಿಗ್ರಿಗಿಂತ ಉತ್ತಮವಾದ ನಿಖರತೆ ಯಾರಿಗೂ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಹೆಚ್ಚು ಸೂಕ್ಷ್ಮ ಗೆರೆಗಳಿಗೆ ಹೆಚ್ಚು ಹಣ ಕೊಡುವ ಬದಲು, ಒಂದೇ ಉಸಿರಿಗೆ ಎರಡು ಕಿಲೋಮೀಟರು ನಡೆಯದೆ, ನಾನೂರು ಐನೂರು ಮೀಟರಿಗೊಂದು ಗುರುತನ್ನು ನಕ್ಷೆಯಲ್ಲಿ ಆರಿಸಿಕೊಂಡು ತುಂಡುತುಂಡಾಗಿ ನಡೆಯುವುದು ಜಾಣತನ. ತೊರೆಯಂಥ ಉದ್ದನೆಯ ಗುರುತಿನ ಮೇಲೆ ಒಂದು ನಿರ್ದಿಷ್ಟ ಜಾಗವನ್ನು ತಲುಪಬೇಕಾದರೆ ನಾನು ಬೇಕೆಂದೇ ಹತ್ತು ಡಿಗ್ರಿ ಎಡಕ್ಕೆ ಗುರಿಯಿಡುತ್ತೇನೆ; ತೊರೆ ಸಿಕ್ಕಿದ ಕೂಡಲೇ ಬಲಕ್ಕೆ ತಿರುಗಬೇಕೆಂಬುದು ಆಗ ಖಚಿತವಾಗಿರುತ್ತದೆ.

ಇನ್ನು ದಿಕ್ಪಾತದ ವಿಷಯ. ಸೂಜಿ ತೋರಿಸುವುದು ಕಾಂತೀಯ ಉತ್ತರವನ್ನು, ನಕ್ಷೆಯ ಗೆರೆಗಳು ತೋರಿಸುವುದು ಅದಕ್ಕಿಂತ ಬೇರೆಯಾದ ಉತ್ತರವನ್ನು. ಇವೆರಡರ ನಡುವಿನ ಕೋನವೇ ದಿಕ್ಪಾತ. ಅದು ಭೂಮಿಯ ಕೆಲವು ಕಡೆ ಒಂದು ಡಿಗ್ರಿಗಿಂತ ಕಡಿಮೆ, ಕೆಲವು ಕಡೆ ಇಪ್ಪತ್ತಕ್ಕಿಂತ ಹೆಚ್ಚು. ಅದು ಸ್ಥಿರವೂ ಅಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದ ಉತ್ತರ ಭಾಗದಲ್ಲಿ ಗುರುತಿಸಿದ ಉತ್ತರ ಕಾಂತಧ್ರುವ ಈಚಿನ ದಶಕಗಳಲ್ಲಿ ಸೈಬೀರಿಯದ ಕಡೆಗೆ ವೇಗವಾಗಿ ಸರಿದಿದೆ. ಈ ಕಾರಣಕ್ಕಾಗಿಯೇ, ದಿಕ್ಪಾತವನ್ನು ಲೆಕ್ಕಹಾಕಲು ಬಳಸುವ ಜಾಗತಿಕ ಕಾಂತೀಯ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಹಳೆಯ ನಕ್ಷೆಯ ಅಂಚಿನಲ್ಲಿ ಅಚ್ಚಾದ ಕೋನವನ್ನು ಹಾಗೆಯೇ ನಂಬಬಾರದು. ನನ್ನ ದಿಕ್ಸೂಚಿಯಲ್ಲಿ ಈ ಕೋನವನ್ನು ಒಂದು ಪುಟ್ಟ ತಿರುಪಿನಿಂದ ಮೊದಲೇ ಹೊಂದಿಸಿಡಬಹುದು. ಒಮ್ಮೆ ಹೊಂದಿಸಿದರೆ ಪ್ರತಿ ಸಲವೂ ಕೂಡುವ ಕಳೆಯುವ ಗೋಜಿಲ್ಲ. ಮಂಜಿನಲ್ಲಿ ನಡುಗುತ್ತಾ ನಿಂತಾಗ ಕೂಡಬೇಕಾದ್ದನ್ನು ಕಳೆದು ತಪ್ಪುವ ಸಾಧ್ಯತೆಯೇ ಇಲ್ಲವಾಗುತ್ತದೆ. ಈ ಸೌಲಭ್ಯವಿಲ್ಲದ ಅಗ್ಗದ ಮಾದರಿಗಿಂತ ಇದಕ್ಕೆ ಹೆಚ್ಚು ಕೊಟ್ಟದ್ದಕ್ಕೆ ನನಗೆ ಒಮ್ಮೆಯೂ ಬೇಸರವಾಗಿಲ್ಲ. ದೂರು ಒಂದಿದೆ: ತಿರುಪನ್ನು ತಿರುಗಿಸುವ ಕೀಲಿಯನ್ನು ದಾರಕ್ಕೆ ಬರಿಯ ತೆಳು ಉಂಗುರದಿಂದ ಸಿಕ್ಕಿಸಿದ್ದಾರೆ, ಎರಡನೆಯ ವರ್ಷದಲ್ಲೇ ಅದು ಎಲ್ಲೋ ಕಳಚಿ ಬಿತ್ತು. ಈಗ ಚಿಕ್ಕ ಸ್ಕ್ರೂಡ್ರೈವರಿನಿಂದ ಕೆಲಸ ಸಾಗಿಸುತ್ತಿದ್ದೇನೆ.

ಈ ಆರು ವರ್ಷಗಳಲ್ಲಿ ನಡೆದ ಒಂದು ಘಟನೆಯನ್ನು ಬಿಟ್ಟರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ನಾನು ಮತ್ತು ನನ್ನ ಗೆಳೆಯ ಒಂದು ಬೋಳು ಶಿಖರದ ಮೇಲಿದ್ದೆವು. ತುದಿಯೆಂದರೆ ಚೂಪಾದ ಕೋಡಲ್ಲ, ಕಾಲು ಕಿಲೋಮೀಟರು ಉದ್ದದ, ಕಲ್ಲುಚೂರು ಹರಡಿದ ಹಾಸು. ಆಗ್ನೇಯದ ಏಣಿನಿಂದ ಹತ್ತಿ ಬಂದಿದ್ದೆವು. ಅದೇ ಏಣಿನಿಂದ ಇಳಿಯಬೇಕಿತ್ತು. ವಾಯವ್ಯದ ಕಡೆ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, ಒಂದರ ಮೇಲೊಂದು ಒತ್ತಿಕೊಂಡು ಕಪ್ಪಾಗಿ ಕಾಣುತ್ತಿದ್ದವು, ಅಂದರೆ ಅದು ಬಂಡೆಯ ಗೋಡೆ. ಹತ್ತು ನಿಮಿಷ ಕುಳಿತು ಏಳುವಷ್ಟರಲ್ಲಿ ಮಂಜು ಮುಚ್ಚಿ ಮೂವತ್ತು ಹೆಜ್ಜೆಯಾಚೆಗೆ ಏನೂ ಕಾಣದಂತಾಯಿತು. ನಕ್ಷೆಯಿಂದ 140 ಡಿಗ್ರಿ ತೆಗೆದುಕೊಂಡು, ಸೂಜಿಯನ್ನು ಗುರುತಿಗೆ ಕೂರಿಸಿ ಹೊರಟೆ. ನೂರು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಮನಸ್ಸಿಗೆ ಏನೋ ಸರಿಯಿಲ್ಲವೆನಿಸತೊಡಗಿತು. ಬೆಳಗಿನಿಂದ ಹತ್ತುವಾಗಲೆಲ್ಲ ಪಡುವಣ ಗಾಳಿ ನನ್ನ ಎಡಗೆನ್ನೆಗೆ ಬಡಿಯುತ್ತಿತ್ತು. ಆ ಕಿವಿ ಮರಗಟ್ಟಿಹೋಗಿತ್ತು. ಈಗ ಹಿಂತಿರುಗಿ ನಡೆಯುತ್ತಿದ್ದೇವೆಂದರೆ ಗಾಳಿ ಬೆನ್ನಿನ ಬಲಗಡೆಗೆ ಬಡಿಯಬೇಕು. ಆದರೆ ಅದು ಎಡಗೆನ್ನೆಗೇ ಬಡಿಯುತ್ತಿತ್ತು. ನಿಂತೆ. ಗೆಳೆಯ ತನ್ನ ಚೀಲದ ತಳದಿಂದ ಹಳೆಯ ದಿಕ್ಸೂಚಿಯನ್ನು ತೆಗೆದು ಒಂದು ತೋಳಿನಷ್ಟು ದೂರದಲ್ಲಿ ಹಿಡಿದ. ಎರಡು ಕೆಂಪು ಸೂಜಿಗಳು ಪರಸ್ಪರ ವಿರುದ್ಧ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ನನ್ನದು ದಕ್ಷಿಣವನ್ನು ಉತ್ತರವೆಂದು ತೋರಿಸುತ್ತಿತ್ತು. ನಾವು ಹೋಗುತ್ತಿದ್ದದ್ದು ಆ ಬಂಡೆಯ ಗೋಡೆಯ ಕಡೆಗೆ.

ಕಾರಣ ತಿಳಿಯುವುದು ಕಷ್ಟವಾಗಲಿಲ್ಲ. ಹಿಂದಿನ ಎರಡು ವಾರ ದಿಕ್ಸೂಚಿಯನ್ನು ಮೊಬೈಲಿನ ಜೊತೆ ಒಂದೇ ಜೇಬಿನಲ್ಲಿ ಇಟ್ಟಿದ್ದೆ, ಮೊಬೈಲಿನ ಹೊದಿಕೆಯ ಮುಚ್ಚಳದಲ್ಲಿ ಅಯಸ್ಕಾಂತವಿತ್ತು. ಬಲವಾದ ಅಯಸ್ಕಾಂತದ ಪಕ್ಕದಲ್ಲಿ ಬಹಳ ಹೊತ್ತು ಇದ್ದ ಸೂಜಿಯ ಧ್ರುವಗಳು ಅದಲುಬದಲಾಗುವುದುಂಟು. ಪೂರ್ತಿ ಅದಲುಬದಲಾದರೆ 180 ಡಿಗ್ರಿಯ ತಪ್ಪು, ಅದು ಹೇಗೋ ಗೊತ್ತಾಗುತ್ತದೆ. ಅರೆಬರೆ ಶಕ್ತಿ ಕಳೆದುಕೊಂಡ ಸೂಜಿ ಮಂದವಾಗಿ ತಿರುಗಿ ಎಲ್ಲೋ ತಡೆದು ನಿಂತು, ನಂಬುವಂಥ ತಪ್ಪು ದಿಕ್ಕನ್ನು ತೋರಿಸುವುದು ಇನ್ನೂ ಅಪಾಯ. ಮೊಬೈಲು ಮಾತ್ರವಲ್ಲ, ಚೀಲದ ಎದೆಪಟ್ಟಿಗೆ ನೀರಿನ ಕೊಳವೆಯನ್ನು ಅಂಟಿಸುವ ಅಯಸ್ಕಾಂತದ ಕ್ಲಿಪ್ಪು, ಕೈಗವಸಿನ ಅಯಸ್ಕಾಂತದ ಗುಂಡಿ, ಸ್ಪೀಕರು ಇವೆಲ್ಲ ಇದೇ ಕೆಲಸ ಮಾಡಬಲ್ಲವು. ಮನೆಗೆ ಬಂದ ಮೇಲೆ ಸರಿಪಡಿಸಿದೆ: ಬಲವಾದ ಅಯಸ್ಕಾಂತದ ದಕ್ಷಿಣ ಧ್ರುವವನ್ನು ಡಬ್ಬಿಯ ಮೇಲೆ ಸೂಜಿಯ ನಡುವಿನಿಂದ ಕೆಂಪು ತುದಿಯ ಕಡೆಗೆ ಎಳೆದು, ತುದಿ ದಾಟಿದ ಮೇಲೆ ದೂರಕ್ಕೆತ್ತಿ, ಹೀಗೆ ಹಲವು ಸಲ ಮಾಡಿದಾಗ ಸೂಜಿ ಮತ್ತೆ ಉತ್ತರಕ್ಕೆ ತಿರುಗಿತು. ದಿಕ್ಕು ಗೊತ್ತಿರುವ ಒಂದು ನೇರ ರಸ್ತೆಯಲ್ಲಿ ಪರೀಕ್ಷಿಸಿ ನೋಡಿದ ಮೇಲಷ್ಟೇ ಅದನ್ನು ಬೆಟ್ಟಕ್ಕೆ ಒಯ್ದೆ. ತಪ್ಪು ನನ್ನದು, ಸಾಧನದ್ದಲ್ಲ. ಆದರೂ ತಯಾರಕರ ಮೇಲೆ ನನಗೊಂದು ಆಕ್ಷೇಪವಿದೆ. ಜೀವಕ್ಕೇ ಸಂಬಂಧಿಸಿದ ಈ ಎಚ್ಚರಿಕೆ ಜೊತೆಯಲ್ಲಿ ಬಂದ ಕೈಪಿಡಿಯ ಕೊನೆಯ ಪುಟದಲ್ಲಿ, ಬಿಸಿಲಿಗಿಡಬೇಡಿ ಎಂಬ ಸೂಚನೆಯ ಕೆಳಗೆ, ಒಂದೇ ಸಾಲಿನಲ್ಲಿ ಅಡಗಿ ಕುಳಿತಿತ್ತು. ಅದು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರಬೇಕಾದ ಮಾತು. ಅಂದಿನಿಂದ ದಿಕ್ಸೂಚಿ ನನ್ನ ಕೊರಳಲ್ಲೇ ಇರುತ್ತದೆ, ಮೊಬೈಲು ಚೀಲದಲ್ಲಿ. ಬೆಳಿಗ್ಗೆ ಹೊರಡುವಾಗ ಸೂರ್ಯನಿರುವ ಕಡೆಗೆ ಸೂಜಿಯನ್ನು ಹೋಲಿಸಿ ನೋಡದೆ ಹೆಜ್ಜೆಯಿಡುವುದಿಲ್ಲ. ಗುಂಪಿನಲ್ಲಿ ಎರಡನೆಯ ದಿಕ್ಸೂಚಿ ಇರಲೇಬೇಕು.

ಶಿಖರದ ಬಂಡೆಗಳೂ ಸೂಜಿಯನ್ನು ದಾರಿ ತಪ್ಪಿಸಬಲ್ಲವು. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕುಲಿನ್ ಏಣು ಇದಕ್ಕೆ ಹೆಸರಾದದ್ದು. ಅಲ್ಲಿನ ಕಲ್ಲಿನಲ್ಲಿ ಕಾಂತೀಯ ಖನಿಜವಿರುವುದರಿಂದ ದಿಕ್ಸೂಚಿಯನ್ನು ಪೂರ್ತಿ ನಂಬುವಂತಿಲ್ಲ. ಸಿಡಿಲು ಬಡಿದ ಬಂಡೆಯೂ ಕಾಂತತ್ವ ಪಡೆಯುತ್ತದೆ, ಮತ್ತು ಸಿಡಿಲು ಹೆಚ್ಚು ಬಡಿಯುವುದು ತುದಿಗಳಿಗೇ. ಆದ್ದರಿಂದ ದಿಕ್ಸೂಚಿಯನ್ನು ಬಂಡೆಯ ಮೇಲಿಟ್ಟು ಓದಬಾರದು. ಎದೆಯೆತ್ತರದಲ್ಲಿ ಹಿಡಿದು ಓದಿ, ಹತ್ತು ಹೆಜ್ಜೆ ಸರಿದು ಮತ್ತೊಮ್ಮೆ ಓದಿ, ಎರಡೂ ಹೊಂದಿದರೆ ಮಾತ್ರ ಒಪ್ಪಿಕೊಳ್ಳಬೇಕು.

ಬೆಲೆ ಎಷ್ಟೇ ಇರಲಿ, ಈ ಫಲಕ ನನಗೆ ಅತಿ ಹೆಚ್ಚು ನೆರವಾದದ್ದು ಇಳಿಜಾರಿನ ದಿಕ್ಕನ್ನು ಅಳೆಯುವುದರಲ್ಲಿ. ಮಂಜಿನಲ್ಲಿ ಎಲ್ಲಿದ್ದೇನೆಂದು ತಿಳಿಯದಿದ್ದಾಗ ನೇರವಾಗಿ ಇಳಿಜಾರಿನ ಕೆಳಮುಖಕ್ಕೆ ತಿರುಗಿ ನಿಂತು, ಫಲಕದ ಬಾಣವನ್ನು ಆ ಕಡೆಗಿಟ್ಟು ಕೋನ ಓದುತ್ತೇನೆ. ನಂತರ ಅದೇ ಕೋನವನ್ನು ನಕ್ಷೆಗೆ ತಂದು, ಫಲಕದ ಅಂಚು ಸಮೋನ್ನತಿ ರೇಖೆಗಳನ್ನು ಎಲ್ಲಿ ಲಂಬವಾಗಿ ಕತ್ತರಿಸುತ್ತದೆ ಎಂದು ಹುಡುಕುತ್ತೇನೆ. ಹಾಗೆ ಹೊಂದುವ ಜಾಗಗಳು ಬೆಟ್ಟದ ಒಂದು ಮಗ್ಗುಲಿನಲ್ಲಿ ಮಾತ್ರ ಇರುತ್ತವೆ. ಉಳಿದ ಮಗ್ಗುಲುಗಳನ್ನು ಒಂದೇ ಏಟಿಗೆ ಬಿಟ್ಟುಬಿಡಬಹುದು. ಯಾವ ಗುರುತೂ ಕಾಣದ, ಯಾರೂ ಹೆಸರಿಡದ ಬೆಟ್ಟದ ಮೇಲೆ ಕಾಲಡಿಯ ನೆಲವೇ ಗುರುತಾಗಿ ಒದಗುವ ಈ ಉಪಾಯವನ್ನು ದಿಕ್ಸೂಚಿ ಕೊಂಡ ಎಲ್ಲರೂ ಮೊದಲು ಕಲಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಫಲಕದ ಅಂಚಿನಲ್ಲಿ 1:25,000 ಮತ್ತು 1:50,000 ನಕ್ಷೆಗಳಿಗೆ ಅಳತೆಪಟ್ಟಿಗಳಿವೆ. ದೂರ ಅಳೆದು, ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕದಂತೆ ಗಂಟೆಗೆ ಸುಮಾರು ಐದು ಕಿಲೋಮೀಟರು, ಜೊತೆಗೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ ಎಂದು ಎಣಿಸುತ್ತೇನೆ. ಹಾದಿಯಿಲ್ಲದ ನೆಲದಲ್ಲಿ, ಹೊರೆ ಹೊತ್ತಾಗ, ಈ ಲೆಕ್ಕ ಯಾವಾಗಲೂ ಕಡಿಮೆಯೇ ಬೀಳುತ್ತದೆ. ನಾನು ಕಾಲು ಭಾಗ ಸೇರಿಸಿಕೊಳ್ಳುತ್ತೇನೆ. ಅಳತೆಪಟ್ಟಿಯ ಅಂಕಿಗಳು ನಾಲ್ಕನೆಯ ವರ್ಷದಿಂದ ಮಾಸತೊಡಗಿ ಈಗ ಹೆಬ್ಬೆರಳು ತಾಗುವ ಕಡೆ ಪೂರ್ತಿ ಅಳಿಸಿಹೋಗಿವೆ. ಅಚ್ಚು ಒತ್ತುವ ಬದಲು ಕೊರೆದಿದ್ದರೆ ಹೀಗಾಗುತ್ತಿರಲಿಲ್ಲ. ಫಲಕದಲ್ಲೇ ಇರುವ ಭೂತಗನ್ನಡಿ ಚಿಕ್ಕದಾದರೂ ಒತ್ತಾದ ಸಮೋನ್ನತಿ ರೇಖೆಗಳನ್ನು ಎಣಿಸಲು ಸಾಕು. ಕತ್ತಲಲ್ಲಿ ಹೊಳೆಯುವ ಗುರುತುಗಳು ಟಾರ್ಚಿನ ಬೆಳಕು ಕುಡಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಕಾಣುತ್ತವೆ.

ಮೂರನೆಯ ವರ್ಷ ಡಬ್ಬಿಯಲ್ಲಿ ಗಾಳಿಯ ಗುಳ್ಳೆಯೊಂದು ಕಾಣಿಸಿಕೊಂಡು ಗಾಬರಿಯಾಗಿತ್ತು. ಎತ್ತರಕ್ಕೆ ಹೋದಾಗ, ಚಳಿ ಹೆಚ್ಚಾದಾಗ ಇಂಥ ಗುಳ್ಳೆ ಮೂಡಿ, ಕೆಳಗಿಳಿದಾಗ ಮಾಯವಾಗುವುದು ಸಹಜ; ಸೂಜಿಯ ಓಟಕ್ಕೆ ಅದು ಅಡ್ಡಬಾರದಷ್ಟು ಚಿಕ್ಕದಾಗಿದ್ದರೆ ಚಿಂತೆಯಿಲ್ಲ. ಕೆಳಗೆ ಬಂದರೂ ಹೋಗದೆ, ದಿನದಿಂದ ದಿನಕ್ಕೆ ಬೆಳೆದರೆ ಡಬ್ಬಿ ಸೋರುತ್ತಿದೆಯೆಂದು ಅರ್ಥ, ಆಗ ಬದಲಿಸಲೇಬೇಕು. ನನ್ನದು ಹೋಗುತ್ತದೆ, ಬರುತ್ತದೆ.

ಜಿಪಿಎಸ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿಗೆ ನನ್ನ ಅನುಭವವನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ. ಬಯಲು ಶಿಖರದಲ್ಲಿ ಜಿಪಿಎಸ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆಕಾಶ ತೆರೆದಿರುವಾಗ ನಾವು ನಿಂತ ಜಾಗವನ್ನು ಕೆಲವೇ ಮೀಟರುಗಳ ಅಂತರದಲ್ಲಿ ಹೇಳುತ್ತದೆ, ಅದಕ್ಕೆ ಮೊಬೈಲ್ ಸಂಪರ್ಕವೂ ಬೇಡ. ನಾನು ಎರಡನ್ನೂ ಒಯ್ಯುತ್ತೇನೆ. ಆದರೆ ಕೊರೆಯುವ ಚಳಿಯಲ್ಲಿ ಅರ್ಧ ತುಂಬಿದ್ದ ಬ್ಯಾಟರಿ ಇದ್ದಕ್ಕಿದ್ದಂತೆ ಕೈಕೊಟ್ಟದ್ದನ್ನು, ಒದ್ದೆ ಪರದೆ ಬೆರಳಿಗೆ ಓಗೊಡದಿದ್ದದ್ದನ್ನು ನೋಡಿದ್ದೇನೆ. ಎಲ್ಲಿದ್ದೇನೆಂಬುದನ್ನು ಒಮ್ಮೆ ಜಿಪಿಎಸ್‌ನಿಂದ ತಿಳಿದು, ಯಾವ ಕಡೆಗೆ ನಡೆಯಬೇಕೆಂಬುದನ್ನು ಮುಂದಿನ ಒಂದು ಗಂಟೆ ದಿಕ್ಸೂಚಿಯಿಂದ ನೋಡಿಕೊಳ್ಳುವುದು ನಾನು ಕಂಡುಕೊಂಡ ಹದ.

ಕೊಳ್ಳುವವರು ಅಂಗಡಿಯಲ್ಲೇ ನೋಡಬೇಕಾದ ಒಂದು ವಿಷಯವಿದೆ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವುದಿಲ್ಲ. ಧ್ರುವಗಳ ಕಡೆ ಹೋದಂತೆ ಸೂಜಿಯ ಒಂದು ತುದಿಯನ್ನು ಕೆಳಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ತಯಾರಕರು ಸೂಜಿಯನ್ನು ಉತ್ತರಾರ್ಧಗೋಳಕ್ಕೊಂದು ಬಗೆ, ದಕ್ಷಿಣಾರ್ಧಗೋಳಕ್ಕೊಂದು ಬಗೆ ತೂಗಿಸಿರುತ್ತಾರೆ. ಒಂದು ಗೋಳಾರ್ಧಕ್ಕೆ ತೂಗಿಸಿದ್ದನ್ನು ಇನ್ನೊಂದಕ್ಕೆ ಒಯ್ದರೆ ಸೂಜಿ ಡಬ್ಬಿಯ ತಳಕ್ಕೋ ಮುಚ್ಚಳಕ್ಕೋ ಉಜ್ಜಿ ನಿಂತುಬಿಡುತ್ತದೆ. ಎರಡೂ ಕಡೆ ನಡೆಯುವ ಉದ್ದೇಶವಿದ್ದವರು ಜಾಗತಿಕ ಸೂಜಿ ಎಂದು ಬರೆದಿರುವ ಮಾದರಿಯನ್ನೇ ಕೊಳ್ಳಬೇಕು.

ಕನ್ನಡಿಯ ಮುಚ್ಚಳವಿರುವ ಮಾದರಿಯನ್ನು ಗೆಳೆಯನಿಂದ ಪಡೆದು ಒಂದು ಋತುವಿಡೀ ಬಳಸಿ ನೋಡಿದೆ. ದೂರದ ಶಿಖರವೊಂದಕ್ಕೆ ಗುರಿಯಿಟ್ಟು ಕೋನ ಓದುವುದರಲ್ಲಿ ಅದು ಹೆಚ್ಚು ನಿಖರ, ಅಪಾಯದಲ್ಲಿ ಬಿಸಿಲನ್ನು ಪ್ರತಿಫಲಿಸಿ ಸಂಕೇತ ಕೊಡಲೂ ಆಗುತ್ತದೆ. ಆದರೆ ಮಂಜಿನಲ್ಲಿ ನೋಡುವುದಕ್ಕೆ ದೂರದ ಶಿಖರವೂ ಇಲ್ಲ, ಬಿಸಿಲೂ ಇಲ್ಲ. ನಕ್ಷೆಯ ಮೇಲಿಟ್ಟು ಬೇಗ ಕೋನ ತೆಗೆಯಲು ಬರಿಯ ಫಲಕವೇ ಹಗುರ, ಸಲೀಸು. ಮೂರು ತಿಂಗಳಾದ ಮೇಲೆ ಕನ್ನಡಿಯದನ್ನು ಹಿಂತಿರುಗಿಸಿ ನನ್ನದಕ್ಕೇ ಮರಳಿದೆ. ಅಂಕಿ ಮಾಸಿದ್ದಕ್ಕೆ, ಕೀಲಿ ಕಳಚಿದ್ದಕ್ಕೆ, ಕೈಪಿಡಿಯ ಕೊನೆಯ ಸಾಲಿಗೆ ಸೇರಿಸಿ ಐದರಲ್ಲಿ ಒಂದು ಅಂಕ ಕಳೆದು ನಾಲ್ಕು ಕೊಡುತ್ತೇನೆ. ಈಗಿರುವ ಡಬ್ಬಿ ಸೋರತೊಡಗಿದ ದಿನ ಇದೇ ಮಾದರಿಯದನ್ನು ಇನ್ನೊಂದು ಕೊಂಡು, ಕೀಲಿಯನ್ನು ಮೊದಲ ದಿನವೇ ದಾರದಿಂದ ಬಿಚ್ಚಿ, ನಕ್ಷೆಯ ಚೀಲದೊಳಗೆ ಹೊಲಿದುಕೊಳ್ಳುತ್ತೇನೆ.